ಪಿಂಪ್ರಿಯಲ್ಲಿ ಹುಟ್ಟಿದ ಹಳೆಯ ಮರ್ಸಿಡಿಸ್: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಖಂಬಾಟ್ಕಿ ಘಾಟಿನ ಅರ್ಧಕ್ಕೆ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು 110ರ ಹತ್ತಿರ ಇತ್ತು. ಮೇ ತಿಂಗಳ ಮಧ್ಯಾಹ್ನ. ಮುಂದೆ ಲಾರಿಗಳ ಸಾಲು, ಹಿಂದಿನ ಸೀಟಿನಲ್ಲಿ ಅಮ್ಮ. ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಎಸಿ ಬಂದ್ ಮಾಡಿದೆ, ಕಿಟಕಿ ಇಳಿಸಿದೆ, ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಿ ಹೋಗಲಿ ಅಂತ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿದೆ. ಜಾಗ ಸಿಕ್ಕ ಕಡೆ ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ತಣ್ಣಗಿಡುವ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಲಿಲ್ಲ.

ಅದಕ್ಕೆ ಒಂದು ತಿಂಗಳ ಮುಂಚೆ ಒಂದು ಗ್ಯಾರೇಜಿನಲ್ಲಿ ಇದೇ ದೂರಿಗೆ ಥರ್ಮೋಸ್ಟಾಟ್ (ಬಿಸಿಯಾದಾಗ ಆ ನೀರಿಗೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಬದಲಾಯಿಸಿದ್ದರು, ವಾಟರ್ ಪಂಪ್ ಕೂಡ ಬದಲಾಯಿಸಿದ್ದರು. ಎರಡೂ ಹೊಸದು, ಬಿಸಿ ಮಾತ್ರ ಹಳೆಯದೇ. ವಾಪಸ್ ಬಂದ ಮೇಲೆ ಭೋಸರಿಯಲ್ಲಿ ನಮ್ಮ ವಿಜಯಪುರ ಕಡೆಯ ಹಿರಿಯ ಮೇಸ್ತ್ರಿ ಒಬ್ಬರ ಹತ್ತಿರ ಗಾಡಿ ಒಯ್ದೆ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ಅವರು ಪಾನಾ (ಸ್ಪ್ಯಾನರ್) ಮುಟ್ಟಲೇ ಇಲ್ಲ. ಹನ್ನೆರಡು ವೋಲ್ಟಿನ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಮುಂದಿನ ಫ್ಯಾನಿನ ಫ್ಯೂಸಿಗೆ ಹಿಡಿದರು. ಒಂದು ತುದಿಯಲ್ಲಿ ದೀಪ ಹತ್ತಿತು, ಇನ್ನೊಂದು ತುದಿಯಲ್ಲಿ ಹತ್ತಲಿಲ್ಲ. ಕಣ್ಣಿಗೆ ಫ್ಯೂಸ್ ಚೆನ್ನಾಗಿಯೇ ಇತ್ತು. ಹೊರಗೆ ತೆಗೆದು ನೋಡಿದರೆ ತುದಿಯಲ್ಲಿ ಸುಣ್ಣದಂಥ ಬಿಳಿ ಪುಡಿ.

"ಗಾಡಿ ಅಳೂದು ಒಂದ್ಕಡಿ, ಬ್ಯಾನಿ ಇನ್ನೊಂದ್ಕಡಿ ಇರ್ತದ ತಮ್ಮಾ," ಅಂದರು ಕಾಕಾ. "ಮೊದ್ಲ ಕರೆಂಟ್ ನೋಡು, ಆಮ್ಯಾಲ ಗಾಳಿ, ಆಮ್ಯಾಲ ನೀರು. ಸಾಮಾನು ತರೂದು ಕಡೀಕ."

ಆ ಮಾತನ್ನು ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನನ್ನದು 1996ರ ಇ220. ಕಂಪನಿಯ ಒಳಗಿನ ಹೆಸರು ಡಬ್ಲ್ಯೂ 124. ಮರ್ಸಿಡಿಸ್ ಬೆಂಜ್ ಭಾರತದಲ್ಲಿ ಜೋಡಿಸಿದ ಮೊದಲ ಕಾರು ಇದೇ. 1995ರಲ್ಲಿ ಪುಣೆ ಪಕ್ಕದ ಪಿಂಪ್ರಿಯ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಆವರಣದಿಂದ ಹೊರಬಂತು. ಪೆಟ್ರೋಲಿನಲ್ಲಿ ಇ220, ಡೀಸೆಲಿನಲ್ಲಿ ಇ250ಡಿ. ಪುಣೆ, ಮುಂಬೈ, ಗೋವಾದಲ್ಲಿ ಇವತ್ತಿಗೂ ಇವು ಓಡಾಡುತ್ತಿವೆ. ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ ಅಂತ ನಮ್ಮ ಕನ್ನಡದ ಹುಡುಗರು ತುಂಬಾ ಜನ ಕೇಳುತ್ತಾರೆ. ತಗೊಳ್ಳಿ, ತುಂಬಾ ಒಳ್ಳೆಯ ಗಾಡಿ. ಆದರೆ ಅಂದಾಜಿನ ಮೇಲೆ ಸಾಮಾನು ಬದಲಾಯಿಸುತ್ತಾ ಹೋದರೆ ಗಾಡಿಯ ಬೆಲೆಗಿಂತ ಜಾಸ್ತಿ ಬಿಲ್ ಆಗುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್. ಇಷ್ಟಿದ್ದರೆ ಮುಕ್ಕಾಲು ದೋಷ ಮನೆಯ ಪಾರ್ಕಿಂಗಿನಲ್ಲೇ ಸಿಗುತ್ತದೆ. ಈಗಿನ ಕಾರುಗಳಿಗೆ ಹಾಕುವ ಮೊಬೈಲ್ ಸ್ಕ್ಯಾನರ್ ಇದಕ್ಕೆ ಆಗುವುದಿಲ್ಲ. ಸ್ಟೀರಿಂಗ್ ಕೆಳಗೆ ಆ ಸಾಕೆಟ್ಟೇ ಇಲ್ಲ, ಇದರ ಡಯಾಗ್ನಾಸ್ಟಿಕ್ ಸಾಕೆಟ್ ಬಾನೆಟ್ ಒಳಗಿದೆ.

ಎರಡು ಎಚ್ಚರಿಕೆ. ಬ್ಯಾಟರಿ ತೆಗೆಯುವ ಮೊದಲು ರೇಡಿಯೋ ಕೋಡ್ ನಿಮ್ಮ ಹತ್ತಿರ ಇದೆಯಾ ನೋಡಿ. ಕಂಪನಿಯ ರೇಡಿಯೋ ಇದ್ದರೆ ಕೋಡ್ ಇಲ್ಲದೆ ಮತ್ತೆ ಹಾಡುವುದಿಲ್ಲ. ಇನ್ನೊಂದು, ಮುಂದಿನ ಎಲೆಕ್ಟ್ರಿಕ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಎಂಜಿನ್ ಬಿಸಿ ಇರುವಾಗ ಬೆರಳು, ಅಂಗಿಯ ತೋಳು ಆ ಕಡೆ ಹೋಗದಿರಲಿ.

ಮೊದಲು ಕರೆಂಟು

ಎಂಜಿನ್ ಬಂದ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಸ್ಟಾರ್ಟ್ ಮಾಡಿದ ಮೇಲೆ 13.8ರಿಂದ 14.4. ಅದಕ್ಕಿಂತ ಕಡಿಮೆ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಪೂರ್ತಿ ಬದಲಾಯಿಸಲು ಒಪ್ಪಬೇಡಿ. ಅದರ ಹಿಂದೆ ಎರಡು ಸ್ಕ್ರೂಗಳಲ್ಲಿ ಕೂತ ರೆಗ್ಯುಲೇಟರ್ ಇದೆ, ಕಾರ್ಬನ್ ಬ್ರಷ್‌ಗಳು ಅದರಲ್ಲೇ ಇರುತ್ತವೆ. ಬ್ರಷ್ ಸವೆದು ಗಿಡ್ಡ ಆಗಿದ್ದರೆ ಅಷ್ಟನ್ನೇ ಬದಲಾಯಿಸಿದರೆ ಸಾಕು.

ಮುಂದೆ ಅರ್ತಿಂಗ್. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಖಾಲಿ ಲೋಹದ ಮೇಲೆ ಇಟ್ಟು ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ತೋರಿಸಿದರೂ ಅರ್ತ್ ಪಟ್ಟಿ (ಬ್ಯಾಟರಿಯ ಮೈನಸ್, ಬಾಡಿ, ಎಂಜಿನ್ ಸೇರಿಸುವ ತಾಮ್ರದ ಪಟ್ಟಿ) ಹಾಳಾಗಿದೆ ಅಂತಲೇ ಅರ್ಥ. ಮುಂಬೈಯಲ್ಲಿ ಸಮುದ್ರದ ಹತ್ತಿರ ನಿಲ್ಲಿಸುವ ಗಾಡಿಗಳಲ್ಲಿ, ಗೋವಾ ಗಾಡಿಗಳಲ್ಲಿ ಇದು ಜಾಸ್ತಿ. ಉಪ್ಪುಗಾಳಿಗೆ ಪಟ್ಟಿಯ ಒಳಗಿನ ತಾಮ್ರ ಹಸಿರಾಗಿ ಪುಡಿಯಾಗುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ.

ಈಗ ಫ್ಯೂಸುಗಳು. ಈ ಕಾರಿನಲ್ಲಿರುವುದು ಹಳೆಯ ಕಾಲದ, ಬಂದೂಕಿನ ಗುಂಡಿನ ಆಕಾರದ ಫ್ಯೂಸು. ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25. ತುದಿಗಳು ಸ್ಪ್ರಿಂಗ್ ಹಿಡಿಕೆಯ ಮೇಲೆ ಬರೀ ಒತ್ತಿಕೊಂಡು ಕೂತಿರುತ್ತವೆ. ಅಲ್ಯೂಮಿನಿಯಂ ಪಟ್ಟಿಯ ಫ್ಯೂಸ್ ಆದರೆ ಮಳೆಗಾಲದ ತೇವಕ್ಕೆ ಬಿಳಿ ಪುಡಿ ಹಿಡಿಯುತ್ತದೆ. ಫ್ಯೂಸ್ ಸುಟ್ಟಿರುವುದಿಲ್ಲ, ಕರೆಂಟೂ ದಾಟುವುದಿಲ್ಲ. ಹಾರ್ನ್ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಪವರ್ ವಿಂಡೋ ಮೇಲೆ ಹೋಗುವಾಗ ನಿಧಾನ ಆಗುತ್ತದೆ. ಇದರ ಮದ್ದು ಅಗ್ಗ. ಬ್ಯಾಟರಿ ಮೈನಸ್ ತೆಗೆಯಿರಿ, ಒಂದೊಂದೇ ಫ್ಯೂಸ್ ತೆಗೆದು ಹಿಡಿಕೆಗಳನ್ನು ಸಣ್ಣ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ತಾಮ್ರದ ಪಟ್ಟಿಯ ಹೊಸ ಫ್ಯೂಸ್ ಹಾಕಿ. ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ, ಪುಣೆಯವರಿಗೆ ನಾನಾ ಪೇಠೆಯಲ್ಲಿ ಕೇಳಿದರೆ ಸಿಗುತ್ತದೆ. ಡಬ್ಬಿಯಲ್ಲಿರುವ ಎಲ್ಲ ಫ್ಯೂಸುಗಳನ್ನೂ ಒಂದೇ ಸಲ ಬದಲಾಯಿಸಿ. ಅರ್ಧ ದಿನದ ಕೆಲಸ. ನನ್ನ ಗಾಡಿಯಲ್ಲಿ ಇದೊಂದೇ ಕೆಲಸಕ್ಕೆ ಮೂರು ಬೇರೆ ಬೇರೆ ದೂರುಗಳು ಹೋದವು. ಘಾಟಿನ ಬಿಸಿ ಅದರಲ್ಲಿ ಒಂದು.

ಎಬಿಎಸ್ ದೀಪ ಹತ್ತಿಕೊಂಡೇ ಇದ್ದು, ಜೊತೆಗೆ ಐಡ್ಲಿಂಗ್ ಕೂಡ ಕುಣಿಯುತ್ತಿದ್ದರೆ ಬ್ರೇಕಿನ ಕಡೆ ಹೋಗಬೇಡಿ. ಹಲವು 124ಗಳಲ್ಲಿ ಬ್ಯಾಟರಿಯ ಹಿಂದೆ ಬೆಳ್ಳಿ ಬಣ್ಣದ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇದೆ, ನೆತ್ತಿಯ ಮೇಲೆ ಕೆಂಪು ಮುಚ್ಚಳ, ಅದರಡಿಯಲ್ಲಿ 10 ಆಂಪಿಯರ್ ಫ್ಯೂಸ್. ಕರೆಂಟ್ ಒಮ್ಮೆಲೇ ಜಾಸ್ತಿಯಾದರೆ ಕಂಪ್ಯೂಟರುಗಳು ಸುಡದಂತೆ ಕಾಯುವುದು ಇದರ ಕೆಲಸ. ಎಬಿಎಸ್ಸಿಗೂ ಎಂಜಿನ್ನಿಗೂ ಕರೆಂಟು ಇದರಿಂದಲೇ ಹೋಗುವ ಕಾರಣ ಎರಡೂ ಒಟ್ಟಿಗೆ ಕೆಡುತ್ತವೆ. ಫ್ಯೂಸ್ ಸರಿ ಇದ್ದರೂ ಒಳಗಿನ ಬೆಸುಗೆ ಬಿರುಕು ಬಿಟ್ಟಿರಬಹುದು. ಕಾಕಾ ಇದನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕುತ್ತಾರೆ. ನಾನಾದರೆ ಹೊಸದೇ ಹಾಕುತ್ತೇನೆ. ಯಾಕೆಂದರೆ ಅದು ಕಾಯುವುದು ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ ವಸ್ತುಗಳನ್ನು.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ ಖಾಲಿ ಆಗುತ್ತಿದೆಯಾ? ಬಾಗಿಲು ಹಾಕಿ, ಕೀ ತೆಗೆದು, ಇಪ್ಪತ್ತು ನಿಮಿಷ ಬಿಟ್ಟು ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಮೈನಸ್ ಕೇಬಲಿನ ನಡುವೆ ಸೇರಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಧಡ್ ಅಂತ ಇಳಿಯುತ್ತದೋ, ಕಳ್ಳ ಆ ದಾರಿಯಲ್ಲಿದ್ದಾನೆ. ಡಿಕ್ಕಿಯ ದೀಪ ಆರದೇ ಇರುವುದು, ಹೊರಗಿನವರು ಹಾಕಿದ ಮ್ಯೂಸಿಕ್ ಸಿಸ್ಟಮ್ಮಿನ ವೈರು, ಇವೆರಡೇ ಬಹಳ ಸಲ ಸಿಗುತ್ತವೆ. ಮೀಟರ್ ಸಿಕ್ಕಿಸಿದ ಹೊತ್ತಿನಲ್ಲಿ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ.

ಮಿಸ್ಸಿಂಗ್ (ಎಂಜಿನ್ ತಡವರಿಸುವುದು), ಕುಣಿಯುವ ಐಡ್ಲಿಂಗ್, ದಾರಿಯಲ್ಲಿ ಬಂದ್ ಬೀಳುವುದು

ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇ220ರ ಮಟ್ಟಿಗೆ ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ.

ತೊಂಬತ್ತರ ದಶಕದ ಮೊದಲರ್ಧದಲ್ಲಿ ಬಂದ ಈ ಎಂಜಿನ್‌ಗಳ ವೈರಿಂಗಿಗೆ ಒಂದು ಹುಟ್ಟುದೋಷವಿದೆ. ವೈರಿನ ಮೇಲಿನ ಹೊದಿಕೆ ಎಂಜಿನ್ ಬಿಸಿಗೆ ವರ್ಷಗಳಲ್ಲಿ ಗಟ್ಟಿಯಾಗಿ, ಒಣಗಿ, ಉದುರಿ ಹೋಗುತ್ತದೆ. ಆಮೇಲೆ ಬರಿ ತಾಮ್ರಕ್ಕೆ ಬರಿ ತಾಮ್ರ ತಾಗುತ್ತದೆ. ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗುತ್ತದೆ. ಒಂದು ದಿನ ಮಿಸ್ಸಿಂಗ್, ಒಂದು ದಿನ ಜಾಸ್ತಿ ಪೆಟ್ರೋಲ್, ಒಂದು ದಿನ ಪಿಕಪ್ಪೇ ಇಲ್ಲ, ಮಾರನೆಯ ದಿನ ಏನೂ ಆಗದ ಹಾಗೆ ಓಡುತ್ತದೆ. ಸೆನ್ಸರ್, ಪ್ಲಗ್, ಕಾಯಿಲ್ ಅಂತ ಒಂದೊಂದೇ ಬದಲಾಯಿಸಿದರೂ ರೋಗ ಹೋಗದಿದ್ದರೆ ಮೊದಲ ಅನುಮಾನ ಇದರ ಮೇಲೆ ಬರಬೇಕು.

ನೋಡುವುದು ಸುಲಭ. ಎಂಜಿನ್ ತಣ್ಣಗಿರುವಾಗ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೆನ್ಸರಿನ ಹತ್ತಿರ, ಇಂಜೆಕ್ಟರುಗಳ ಹತ್ತಿರ ವೈರಿನ ಹೊರಗಿನ ಕಪ್ಪು ತೋಳನ್ನು ಒಂದೇ ಒಂದು ಇಂಚು ಹಿಂದೆ ಸರಿಸಿ. ಒಳಗಿನ ಬಣ್ಣದ ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ನೋಡಿ. ಒಳ್ಳೆಯ ವೈರು ರಬ್ಬರಿನ ಹಾಗೆ ಬಾಗುತ್ತದೆ. ನನ್ನದನ್ನು ಹಿಡಿದಾಗ ಕರಿದ ಹಪ್ಪಳದ ಹಾಗೆ ಚೂರಾಯಿತು. ಕಂದು, ಹಸಿರು ಚೂರುಗಳು ಅಂಗೈ ಮೇಲೆ ಬಿದ್ದವು. ಕೆಳಗೆ ಕಪ್ಪಾದ ತಾಮ್ರ ಮಾತ್ರ ಉಳಿದಿತ್ತು. ಹಾಗಾದರೆ ಅಲ್ಲೇ ನಿಲ್ಲಿಸಿ. ಅಲುಗಾಡಿಸಿದಷ್ಟೂ ಶಾರ್ಟ್ ಜಾಸ್ತಿ.

ಟೇಪ್ ಸುತ್ತಿ ಓಡಿಸಿ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಒಂದು ಶಾರ್ಟ್ ಸಾಕು, ಎಂಜಿನ್ ಕಂಪ್ಯೂಟರ್ ಹೋಗುತ್ತದೆ, ಅದು ವೈರಿಂಗಿಗಿಂತ ದೊಡ್ಡ ಖರ್ಚು. ಇರುವುದು ಎರಡು ದಾರಿ. ಹೊಸ ಹಾರ್ನೆಸ್, ಅಂದರೆ ವೈರಿಂಗಿನ ಪೂರ್ತಿ ಗೊಂಚಲು, ತರಿಸುವುದು. ಇಲ್ಲವೇ ಹಳೆಯ ಕನೆಕ್ಟರುಗಳನ್ನು ಉಳಿಸಿಕೊಂಡು, ಬಿಸಿ ತಡೆಯುವ ಸಿಲಿಕೋನ್ ಅಥವಾ ಟೆಫ್ಲಾನ್ ಹೊದಿಕೆಯ ವೈರಿನಿಂದ ಒಂದೊಂದೇ ಎಳೆ ಬದಲಾಯಿಸುವುದು. ನಾನು ಎರಡನೆಯದು ಮಾಡಿಸಿದೆ. ಕಾಕಾ ಮತ್ತು ಅವರ ಮಗ ಸೇರಿ ನಾಲ್ಕು ದಿನ ಕೂತರು. ಪ್ರತಿ ವೈರಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಬಣ್ಣ ಬರೆದುಕೊಂಡು ಮಾಡಿದರು. ಇಷ್ಟು ತಾಳ್ಮೆ ಇಲ್ಲದ ಜಾಗದಲ್ಲಿ ಈ ಕೆಲಸ ಕೊಡಬೇಡಿ. ಗಾಡಿ ಕೊಳ್ಳುವವರು ಕೂಡ ಬಣ್ಣ, ಸೀಟು ನೋಡುವ ಮೊದಲು ಈ ಒಂದು ಇಂಚು ನೋಡಲಿ. ಥ್ರಾಟಲ್ ಮೇಲಿನ ಎಲೆಕ್ಟ್ರಾನಿಕ್ ಆಕ್ಚುಯೇಟರಿನ ಒಳಗೂ ಇದೇ ಜಾತಿಯ ವೈರು ಇರುತ್ತದೆ. ಎಂಜಿನ್ ವೈರಿಂಗ್ ಹೊಸದಾದರೂ ಪೆಡಲಿಗೆ ಸರಿಯಾಗಿ ಸ್ಪಂದಿಸದಿದ್ದರೆ ಅದನ್ನು ನೋಡಿ.

ವೈರಿಂಗ್ ಸರಿ ಇದೆ, ಮಿಸ್ಸಿಂಗ್ ಇದೆ ಅಂದರೆ ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳ ಕಡೆ ಬನ್ನಿ. ನಾಲ್ಕು ಸಿಲಿಂಡರಿಗೆ ಇಲ್ಲಿ ಎರಡೇ ಕಾಯಿಲ್. ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಹಾಗಾಗಿ ಲೆಕ್ಕ ಸುಲಭ. ಈ ಜೋಡಿಗಳಲ್ಲಿ ಒಂದು ಜೋಡಿ ಒಟ್ಟಿಗೆ ಸತ್ತಿದ್ದರೆ ಕಾಯಿಲ್ ಅಥವಾ ಅದರ ವೈರು. ಒಂದೇ ಸಿಲಿಂಡರ್ ಸತ್ತಿದ್ದರೆ ಪ್ಲಗ್, ಪ್ಲಗ್ ವೈರು, ಇಲ್ಲವೇ ಇಂಜೆಕ್ಟರ್. ಕಾಯಿಲ್‌ಗಳನ್ನು ಅದಲು ಬದಲು ಮಾಡಿ ನೋಡಿ. ದೋಷವೂ ಜೊತೆಗೆ ಜಾಗ ಬದಲಿಸಿದರೆ ಸಾಕ್ಷಿ ಸಿಕ್ಕಿತು ಅಂತಲೇ. ಮಳೆಗಾಲದಲ್ಲಿ ಮಾತ್ರ ಮಿಸ್ಸಿಂಗ್ ಬರುತ್ತಿದ್ದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಪ್ಲಗ್ ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸೋರುವ ಕಡೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ.

ಐಡ್ಲಿಂಗ್ ಮಾತ್ರ ಕುಣಿಯುತ್ತದೆ, ಓಡುವಾಗ ಸರಿ ಇದೆ ಅಂದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಇನ್‌ಟೇಕಿನ ಕೆಳಗಿನ ಸಣ್ಣ ರಬ್ಬರ್ ಪೈಪುಗಳು ಬಿಸಿಗೆ ಮೆತ್ತಗಾಗಿ ಸೀಳುತ್ತವೆ. ಒಂದೊಂದನ್ನೇ ಬೆರಳಲ್ಲಿ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಅದನ್ನೇ ನೋಡಿ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಮಾಸ್ ಸೆನ್ಸರಿನ ಪರೀಕ್ಷೆ ಇನ್ನೂ ಸುಲಭ. ಕನೆಕ್ಟರ್ ತೆಗೆದು ಸ್ಟಾರ್ಟ್ ಮಾಡಿ. ತೆಗೆದ ಮೇಲೆ ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಇನ್ನೊಂದು ದೂರು ಮುಂಬೈ ಟ್ರಾಫಿಕ್ಕಿನಲ್ಲಿ ಬಹಳ ಕೇಳುತ್ತೇವೆ. ಗಂಟೆಗಟ್ಟಲೆ ಓಡಿ ಬಿಸಿಯಾದ ಗಾಡಿ ಬಂದ್ ಬೀಳುತ್ತದೆ, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುತ್ತದೆ. ಇದಕ್ಕೆ ಎರಡೇ ಮುಖ್ಯ ಅಪರಾಧಿಗಳು. ಕೀ ಆನ್ ಮಾಡಿ ಸುಮ್ನೆ ಕಿವಿಗೊಡಿ. ಹಿಂದಿನ ಸೀಟಿನ ಕೆಳಭಾಗದಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಸದ್ದು ಬರಬೇಕು. ಬರದಿದ್ದರೆ ಪೆಟ್ರೋಲ್ ಪಂಪ್ ಓಡುತ್ತಿಲ್ಲ, ಅದರ ರಿಲೇಯ ಬೆಸುಗೆ ಬಿಸಿಗೆ ಬಿಟ್ಟಿರಬಹುದು. ಸದ್ದು ಬಂದರೆ ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಕಡೆ ಇರುವ, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನೋಡಿ. ಬಿಸಿಯಾದಾಗ ಅದರೊಳಗಿನ ಸುರುಳಿ ಬಿಟ್ಟುಕೊಂಡು, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗಾಡದಿದ್ದರೆ ಅನುಮಾನ ಗಟ್ಟಿ. ಮಲ್ಟಿಮೀಟರಿನಲ್ಲಿ ಓಮ್ ಅಳೆಯುವುದಾದರೆ ಬಿಸಿ ಇರುವಾಗಲೇ ಅಳೆಯಿರಿ. ತಣ್ಣಗಿದ್ದಾಗ ಅದು ಸರಿಯಾಗಿಯೇ ತೋರಿಸುತ್ತದೆ.

ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲ್. ಮೂವತ್ತು ವರ್ಷದ ಹಿಂದಿನ ರಬ್ಬರನ್ನು ಇದಕ್ಕಾಗಿ ಮಾಡಿರಲಿಲ್ಲ. ಟ್ಯಾಂಕಿನ ಹತ್ತಿರದ್ದು, ಪಂಪಿನ ಹತ್ತಿರದ್ದು, ಎಂಜಿನ್ ಹತ್ತಿರದ್ದು, ಎಲ್ಲ ಇಂಧನ ಪೈಪುಗಳನ್ನೂ ಎಥನಾಲ್ ತಡೆಯುವ ಜಾತಿಗೆ ಬದಲಾಯಿಸಿ. ಪೈಪ್ ಬೆವರಿದ ಹಾಗೆ ಒದ್ದೆ ಕಂಡರೆ ಕಾಯಬೇಡಿ, ಇದು ಬೆಂಕಿಯ ವಿಷಯ.

ಬಿಸಿಯಾಗುವುದು

ಮುಳ್ಳು ಓಡುವಾಗ 80 ಮತ್ತು 95ರ ನಡುವೆ ಇರುತ್ತದೆ. ಸಿಗ್ನಲ್ಲಿನಲ್ಲಿ ನೂರರ ಹತ್ತಿರ ಹೋಗಿ ಇಳಿದರೆ ಹೆದರಬೇಕಿಲ್ಲ, ಈ ಗಾಡಿಯ ಸ್ವಭಾವವೇ ಹಾಗೆ. ಬಿಸಿ ಯಾವಾಗ ಏರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿಯ ತೊಂದರೆ, ಅಂದರೆ ಫ್ಯಾನ್. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗವಾಗಿ ಓಡುವಾಗ ಏರಿದರೆ ನೀರಿನ ತೊಂದರೆ, ಅಂದರೆ ರೇಡಿಯೇಟರ್ ಕಟ್ಟಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ ಅಥವಾ ಪಂಪ್ ಸವೆದಿದೆ.

ಎಸಿ ಹಾಕಿದರೆ ಒಂದೆರಡು ನಿಮಿಷದಲ್ಲಿ ಮುಂದಿನ ಎಲೆಕ್ಟ್ರಿಕ್ ಫ್ಯಾನ್ ನಿಧಾನ ವೇಗದಲ್ಲಿ ತಿರುಗಬೇಕು. ನೀರು ಸುಮಾರು 105 ದಾಟಿದಾಗ ಜೋರು ವೇಗಕ್ಕೆ ಹೋಗಬೇಕು. ಜೋರು ವೇಗ ಇದೆ, ನಿಧಾನ ವೇಗ ಇಲ್ಲ ಅಂದರೆ ಪ್ರಿ-ರೆಸಿಸ್ಟರ್ ಅನ್ನುವ ಒಂದು ಸಣ್ಣ ತುಂಡು ಸತ್ತಿದೆ. ಎರಡೂ ಇಲ್ಲವಾದರೆ ಫ್ಯೂಸ್, ಆಮೇಲೆ ಫ್ಯಾನ್ ಮೋಟಾರ್. ಮೋಟಾರಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ರೇಡಿಯೇಟರಿನ ಮೇಲಿನ ಪೈಪ್ ಸೇರುವ ಪ್ಲಾಸ್ಟಿಕ್ ಕತ್ತಿನ ಮೇಲೆ ಕಣ್ಣಿಡಿ. ವರ್ಷಗಳ ಬಿಸಿಗೆ ಅದು ಬಿಸ್ಕತ್ತಿನ ಹಾಗಾಗಿ, ಒಂದು ದಿನ ಸೂಚನೆ ಕೊಡದೆ ಮುರಿಯುತ್ತದೆ. ರೇಡಿಯೇಟರ್ ವಯಸ್ಸು ಗೊತ್ತಿಲ್ಲದಿದ್ದರೆ ಬದಲಾಯಿಸುವುದೇ ಒಳ್ಳೆಯದು. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರಿದಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಮುಚ್ಚಳದ ಮೇಲೆ 140 ಅಂತ ಇರುತ್ತದೆ, ಅಂದರೆ 1.4 ಬಾರ್. ಅದೇ ಅಂಕಿಯದ್ದನ್ನು ಹಾಕಿ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಅಂತ ನಲ್ಲಿ ನೀರು ಹಾಕುವವರಿದ್ದಾರೆ. ಕೂಲಂಟ್ ತುಕ್ಕನ್ನೂ ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೇರೆ ಏನೂ ಬೇಡ.

ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲೂ ಮೇಲಿನ ಪೈಪ್ ಉಬ್ಬಿ ಗಟ್ಟಿಯಾಗಿದ್ದರೆ, ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಹೆಡ್ ಇಳಿಸಲು ಒಪ್ಪುವ ಮೊದಲು ಕೂಲಂಟಿನಲ್ಲಿ ಹೊಗೆ ಇದೆಯಾ ಅಂತ ಬಣ್ಣ ಬದಲಾಗುವ ದ್ರವದಿಂದ ಪರೀಕ್ಷೆ ಮಾಡಿಸಿ.

ಎಸಿ ತಣ್ಣಗಿಲ್ಲ

ಈ ದೂರಿಗೆ ಒಂದೇ ಬೇಸಿಗೆಯಲ್ಲಿ ನಾನು ಎರಡು ಸಲ ಗ್ಯಾಸ್ ತುಂಬಿಸಿದ್ದೆ. ಬೇರೆ ಕಡೆ, ಕಾಕಾ ಹತ್ತಿರ ಅಲ್ಲ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತು ಅಲ್ಲ. ಕಡಿಮೆಯಾಗಿದೆ ಅಂದರೆ ಸೋರಿದೆ, ಎಲ್ಲಿ ಅಂತ ಹುಡುಕದೆ ತುಂಬುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ನನ್ನ ಗಾಡಿಯಲ್ಲಿ ಸೋರುವಿಕೆಯೂ ಇರಲಿಲ್ಲ.

ಕಾಕಾ ನನ್ನ ಕೈ ಹಿಡಿದು ಬಾನೆಟ್ ಒಳಗೆ, ಹಿಂದಿನ ಗೋಡೆಯ ಹತ್ತಿರ ಒಂದು ರಬ್ಬರ್ ಪೈಪಿನ ಮೇಲೆ ಇಟ್ಟರು. "ಸುಡ್ತದೇನು?" ಸುಡುತ್ತಿತ್ತು. ಒಳಗೆ ಟೆಂಪರೇಚರ್ ಚಕ್ರ ಪೂರ್ತಿ ತಣ್ಣಗಿನ ಕಡೆ ಇತ್ತು. ಅಂದರೆ ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಬಿಸಿ ಮಾಡುತ್ತಿತ್ತು!

ಹೀಟರಿಗೆ ಹೋಗುವ ಬಿಸಿ ನೀರನ್ನು ತಡೆಯುವುದು ಕರೆಂಟಿನಿಂದ ಕೆಲಸ ಮಾಡುವ ಒಂದು ವಾಲ್ವ್. ಕರೆಂಟ್ ಬಂದರೆ ಮುಚ್ಚುತ್ತದೆ, ಇಲ್ಲದಿದ್ದರೆ ತೆರೆದೇ ಇರುತ್ತದೆ. ಚಳಿಯ ದೇಶದಲ್ಲಿ ಕೆಟ್ಟರೂ ಬಿಸಿ ಸಿಗಲಿ ಅನ್ನುವ ಲೆಕ್ಕ ಇರಬೇಕು. ನಮಗೆ ಅದು ಉಲ್ಟಾ. ಒಳಗಿನ ರಬ್ಬರ್ ಪೊರೆ ಹರಿದರೆ, ಇಲ್ಲವೇ ಅದರ ಫ್ಯೂಸ್ ಹೋದರೆ, ಪುಣೆಯ ಮೇ ತಿಂಗಳಲ್ಲಿ ಹೀಟರ್ ಹಾಕಿಕೊಂಡು ಕೂತ ಹಾಗೆ. ಖಚಿತ ಮಾಡಿಕೊಳ್ಳಲು ಆ ಪೈಪನ್ನು ಕ್ಲಾಂಪಿನಿಂದ ಹಗುರವಾಗಿ ಒತ್ತಿ ನೀರು ನಿಲ್ಲಿಸಿ. ಐದು ನಿಮಿಷದಲ್ಲಿ ಒಳಗೆ ತಣ್ಣಗಾದರೆ ವಾಲ್ವ್ ಕಡೆಯೇ ದೋಷ. ಒಳಗಿನ ಪೊರೆಯ ಭಾಗ ಬಿಡಿಯಾಗಿ ಸಿಗುತ್ತದೆ, ಪೂರ್ತಿ ಬಿಚ್ಚುವುದೂ ಬೇಕಿಲ್ಲ.

ಸೋರುವಿಕೆ ನಿಜವಾಗಿ ಡ್ಯಾಶ್‌ಬೋರ್ಡ್ ಒಳಗಿನ, ಗಾಳಿಯನ್ನು ತಣ್ಣಗೆ ಮಾಡುವ ಇವಾಪರೇಟರಿನಲ್ಲಿದ್ದರೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ದೊಡ್ಡ ಕೆಲಸ. ಅದಕ್ಕೇ ಹೊರಗಿನ ಪೈಪು, ಕಂಡೆನ್ಸರ್, ಕಂಪ್ರೆಸರ್ ಎಲ್ಲ ಬಣ್ಣದ ದ್ರವ ಹಾಕಿ ನೋಡಿ, ಅಲ್ಲೆಲ್ಲೂ ಇಲ್ಲ ಅಂತ ಗ್ಯಾರಂಟಿ ಆದ ಮೇಲೆ ಮಾತ್ರ ಕೈ ಹಾಕಿಸಿ. ಇಳಿಸಿದ ಮೇಲೆ ಹೀಟರ್ ಕೋರ್, ಫ್ಲಾಪುಗಳ ವ್ಯಾಕ್ಯೂಮ್ ಡಬ್ಬಿಗಳನ್ನೂ ಅದೇ ಸಲ ಮುಗಿಸಿ.

ವ್ಯಾಕ್ಯೂಮ್, ಮತ್ತು ನಿಲ್ಲದ ಡೀಸೆಲ್

ಸೆಂಟ್ರಲ್ ಲಾಕಿಂಗ್ ಇಲ್ಲಿ ಗಾಳಿಯಿಂದ ನಡೆಯುತ್ತದೆ. ಹಿಂದಿನ ಸೀಟಿನ ಅಡಿಯಲ್ಲಿ ಪಂಪ್ ಇದೆ. ಲಾಕ್ ಮಾಡಿದಾಗ ಕೆಲವೇ ಸೆಕೆಂಡಿನಲ್ಲಿ ಸದ್ದು ನಿಲ್ಲಬೇಕು. ಬಹಳ ಹೊತ್ತು ಓಡುತ್ತಿದ್ದರೆ ಯಾವುದೋ ಬಾಗಿಲಿನಲ್ಲಿ ಲಾಕ್ ಎಳೆಯುವ ವ್ಯಾಕ್ಯೂಮ್ ಡಬ್ಬಿಯ ರಬ್ಬರ್ ಹರಿದಿದೆ. ಪಂಪಿನಿಂದ ಹೊರಡುವ ಪೈಪುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಹಾಗೇ ಬಿಟ್ಟರೆ ಪಂಪೂ ಸಾಯುತ್ತದೆ.

ಇ250ಡಿ ಇಟ್ಟುಕೊಂಡವರು ಕೀ ತೆಗೆದರೂ ಎಂಜಿನ್ ನಿಲ್ಲುತ್ತಿಲ್ಲ ಅಂತ ಗಾಬರಿಯಾಗುತ್ತಾರೆ. ಎಂಜಿನ್ ಮೇಲೆ ಸ್ಟಾಪ್ ಅಂತ ಬರೆದ ಸಣ್ಣ ಲಿವರ್ ಇರುತ್ತದೆ, ಅದನ್ನು ಒತ್ತಿದರೆ ನಿಲ್ಲುತ್ತದೆ. ಕೀ ತಿರುಗಿಸಿದಾಗ ಡೀಸೆಲ್ ಪಂಪನ್ನು ನಿಲ್ಲಿಸುವುದೂ ವ್ಯಾಕ್ಯೂಮೇ. ಪಂಪಿನ ಮೇಲಿನ ಡಬ್ಬಿಗೆ ಕೈಪಂಪ್ ಸಿಕ್ಕಿಸಿ ಎಳೆಯಿರಿ. ಎಂಜಿನ್ ನಿಂತರೆ ಡಬ್ಬಿ ಸರಿ ಇದೆ, ದೋಷ ಪೈಪಿನಲ್ಲಿ ಅಥವಾ ಕೀಯ ಹಿಂದಿನ ವಾಲ್ವಿನಲ್ಲಿ. ಕೈಪಂಪಿನ ಮೀಟರಿನ ಮುಳ್ಳು ನಿಲ್ಲದೆ ಇಳಿದರೆ ಡಬ್ಬಿಯೇ ಹೋಗಿದೆ. ಆಟೋಮ್ಯಾಟಿಕ್ ಗೇರ್ ಧಡ್ ಅಂತ ಬೀಳುತ್ತಿದ್ದರೂ ಗೇರ್‌ಬಾಕ್ಸ್ ಬಿಚ್ಚುವ ಮೊದಲು ವ್ಯಾಕ್ಯೂಮ್ ನೋಡಿಸಿ. ಡಿಸೆಂಬರ್ ಬೆಳಗಿನ ಚಳಿಗೆ ಸ್ಟಾರ್ಟ್ ಆಗಲು ತಕರಾರು ಮಾಡಿದರೆ, ಸ್ಟಾರ್ಟಿಗೆ ಮೊದಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ಅಳೆಯಿರಿ. ಒಳ್ಳೆಯದು ಒಂದು ಓಮಿಗಿಂತ ಕಡಿಮೆ ತೋರಿಸುತ್ತದೆ.

ಕೆಳಗಿನ ಸದ್ದುಗಳು

ಬೇಗ ಹೇಳಿ ಮುಗಿಸುತ್ತೇನೆ. ಗೇರ್ ಹಾಕಿದಾಗ ನಡುವಿನಿಂದ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ದಂಡ) ರಬ್ಬರ್ ಡಿಸ್ಕ್ ಬಿರಿದಿದೆಯಾ ನೋಡಿ. ನಿಂತಾಗ ಸೀಟು ನಡುಗಿದರೆ ಎಂಜಿನ್ ಮೌಂಟಿಂಗ್, ಒಳಗಿನ ಎಣ್ಣೆ ಸೋರಿ ಕುಸಿದಿರುತ್ತದೆ. ಸ್ಟೀರಿಂಗ್ ಸಡಿಲ ಅನ್ನಿಸಿದರೆ ಮೊದಲು ಐಡ್ಲರ್ ಬುಷ್, ಸ್ಟೀರಿಂಗ್ ಡ್ಯಾಂಪರ್, ಬಾಲ್ ಜಾಯಿಂಟ್ ನೋಡಿ. ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿಯುವುದು ಕೊನೆಯ ಕೆಲಸ. ಜಾಸ್ತಿ ಬಿಗಿದರೆ ಬಾಕ್ಸೇ ಹಾಳು.

ಮಳೆಗೆ ಮುಂಚೆ

ಮೇ ಕೊನೆಯ ವಾರ ನಾನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಈ ಕಾರಿಗೆ ಒಂದೇ ವೈಪರ್. ಅದು ಸುಮ್ನೆ ಅರ್ಧ ವೃತ್ತ ಹೊಡೆಯುವುದಿಲ್ಲ, ಮೂಲೆಯ ಹತ್ತಿರ ಕೈ ಚಾಚಿ, ನಡುವೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಹೊಟ್ಟೆಯಲ್ಲಿ ಗೇರುಗಳಿವೆ. ಗ್ರೀಸ್ ಒಣಗಿದರೆ ಮೊದಲು ನಿಧಾನ ಆಗುತ್ತದೆ, ಆಮೇಲೆ ಮೋಟಾರ್ ಬಿಸಿಯಾಗಿ ಫ್ಯೂಸ್ ಹಾರುತ್ತದೆ. ಜುಲೈ ರಾತ್ರಿ ಲೋಣಾವಳಾದಲ್ಲಿ ಹಾಗಾದರೆ ಬೇರೆ ವೈಪರ್ ಇಲ್ಲ. ಮುಚ್ಚಳ ತೆಗೆಸಿ ಹಳೆಯ ಗ್ರೀಸ್ ಒರೆಸಿ ಹೊಸದು ಹಾಕಿಸಿ.

ಹಾಗೇ ಗಾಜಿನ ಕೆಳಗೆ, ಬ್ಯಾಟರಿ ಪಕ್ಕದ ನೀರಿನ ದಾರಿ ನೋಡಿ. ಮುಂಬೈಯಲ್ಲಿ ಮಳೆಮರದ ಕೆಳಗೆ, ಗುಲ್‌ಮೊಹರ್ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಸಣ್ಣ ಎಲೆಗಳು ಅಲ್ಲಿ ಕೂತು ಕೆಸರಾಗುತ್ತವೆ. ನೀರು ಹೋಗಲು ಜಾಗವಿಲ್ಲದೆ ಕಾರಿನ ಒಳಗೆ ಬರುತ್ತದೆ, ಬ್ಲೋವರ್ ಮೋಟಾರಿಗೂ ಹೋಗುತ್ತದೆ. ಒಂದು ಮಗ್ ನೀರು ಹಾಕಿ. ಚಕ್ರದ ಹಿಂದೆ ನೆಲಕ್ಕೆ ಸರಾಗ ಇಳಿಯಬೇಕು.

ಕೊನೆಗೆ ಪಕ್ಕದ ಪ್ಲಾಸ್ಟಿಕ್ ಪಟ್ಟಿಗಳ ಕೆಳಗಿನ ಜಾಕ್ ತೂತುಗಳು. ಮುಚ್ಚಳ ತೆಗೆದು ಬೆರಳು ಹಾಕಿ. ಒಣ ಧೂಳು ಬಂದರೆ ಒಳ್ಳೆಯದು. ಒದ್ದೆ ಮಣ್ಣು, ಜೊತೆಗೆ ಕೆಂಪು ಪುಡಿ ಬಂದರೆ ತುಕ್ಕು ಶುರುವಾಗಿದೆ. ನೀರಿನಿಂದ ತೊಳೆದು, ಎರಡು ದಿನ ಬಿಸಿಲಿಗೆ ನಿಲ್ಲಿಸಿ ಪೂರ್ತಿ ಒಣಗಿಸಿ, ಒಳಗೆ ತುಕ್ಕು ತಡೆಯುವ ಮೇಣ ಹೊಡೆಸಿ. ಆಮೇಲೆ ಮುಚ್ಚಳ ಹಾಕಿ, ಒಡೆದಿದ್ದರೆ ಹೊಸದು ತನ್ನಿ.